ಏಳನೇ ಸಾಲಿನ ಹೊಸ್ತಿಲು

ಆ ಕಲ್ಲುರಾಶಿಯನ್ನು ಯಾರೂ ಮುಟ್ಟಬಾರದು ಎಂದು ಯಾಗೂಬ್ ಎಂಟು ತಿಂಗಳಿಂದ ಹೇಳುತ್ತ ಬಂದಿದ್ದ. ಯಾಕೆ ಎಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಾರಣ. ತೋಟದ ಗೋಡೆಗೆ ಬೇಕಾಗುತ್ತೆ, ಮಸೀದಿಯ ಮೆಟ್ಟಿಲಿಗೆ ಎತ್ತಿಟ್ಟಿದ್ದೇನೆ, ಅಡಿಯಲ್ಲಿ ಚೇಳುಗಳಿವೆ. ಹೊಸ ಊರು ಕಟ್ಟುತ್ತಿರುವ ಮೇಸ್ತ್ರಿಯೇ ಹೇಳಿದ ಮೇಲೆ ಎದುರಾಡುವವರು ಯಾರು? ರಾಶಿ ಏಳನೇ ಸಾಲಿನ ತುದಿಯಲ್ಲಿ, ದೊಡ್ಡ ಬಂಡೆಯೊಂದಕ್ಕೆ ಒರಗಿಕೊಂಡು ಹಾಗೇ ಬಿದ್ದಿತ್ತು.

ಆ ಶುಕ್ರವಾರ ಬೆಳಿಗ್ಗೆ ಅವನು ಬರುವ ಹೊತ್ತಿಗೆ ಅರ್ಧ ರಾಶಿ ಖಾಲಿಯಾಗಿತ್ತು.

ಶುಕ್ರವಾರವೆಂದರೆ ಕಣಿವೆಯ ಹಳೆಯ ಊರುಗಳಿಂದ ಜನ ತಾವಾಗಿಯೇ ಬರುವ ದಿನ. ಕೂಲಿಯ ಮಾತಿಲ್ಲ, ಕರೆಯುವ ಮಾತೂ ಇಲ್ಲ. ಅಂಗಡಿಯವನು, ಮೇಷ್ಟ್ರು, ದರ್ಜಿ, ಎಲ್ಲರೂ ಬಿಳಿ ಟೋಪಿ ಹಾಕಿಕೊಂಡು ಬಂದು ಸಾಲಾಗಿ ನಿಂತು ಕಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ತಾಮದೀತ್ ಎಂಬ ಈ ಹೊಸ ಊರಿನ ಮುನ್ನೂರ ನಲವತ್ತು ಮನೆಗಳು ಎದ್ದಿದ್ದೇ ಹಾಗೆ. ಖರ್ಜೂರದ ತೋಟ ಕಡಿದು ಮನೆ ಕಟ್ಟುವುದು ಬೇಡವೆಂದು ಹಿರಿಯರು ತೀರ್ಮಾನಿಸಿದ್ದರು. ಬೆಳೆ ಬೆಳೆಯದ ಕಲ್ಲುಗುಡ್ಡವನ್ನೇ ಆರಿಸಿಕೊಂಡು ಅದರದೇ ಕಲ್ಲು, ಅದರದೇ ಸುಣ್ಣ, ಸತ್ತ ಖರ್ಜೂರದ ಮರದ ತೊಲೆ. ಸ್ನಾನದ ನೀರು ಗಿಡಕ್ಕೆ. ಮೂರು ಸಸಿ ನೆಟ್ಟು ಅವು ಚಿಗುರಿದ ಮೇಲೆಯೇ ಮನೆಯ ಕೀಲಿ. ಗುಡ್ಡದ ನೆತ್ತಿಯಿಂದ ಒಣಹೊಳೆಯ ಕಡೆಗೆ ಏಳು ಸಾಲು ಮನೆಗಳು ಇಳಿದು ಬಂದಿದ್ದವು. ಕೊನೆಯದು ಏಳನೆಯದು.

ರಾಶಿಯ ಪಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದವನು ಗಾರೆ ಕೆಲಸದ ಅಯೂಬ್. ಬಾಯಿ ಮುಚ್ಚಿ ಕೂತದ್ದನ್ನು ಅವನ ತಾಯಿಯೂ ಕಂಡಿರಲಿಲ್ಲ.

“ಎಲ್ಲಿ ಮೇಸ್ತ್ರಿ ನಿಮ್ಮ ಚೇಳು? ಒಂದೂ ಸಿಗ್ಲಿಲ್ಲ. ನೀವು ಬೈಯೋದು ಕೇಳಿ ಕೇಳಿ ಊರು ಬಿಟ್ಟು ಹೋಗಿರ್ಬೇಕು.”

ಯಾಗೂಬ್ ನಗಲು ನೋಡಿದ. ನಗು ಬರಲಿಲ್ಲ. ಇನ್ನು ಎರಡು ಸಾಲು ಕಲ್ಲು ಎತ್ತಿದರೆ ಬಂಡೆಯ ಮೇಲಿನ ಗೆರೆ ಕಾಣುತ್ತಿತ್ತು. ಅವನು ಹೋಗಿ ಉಳಿದ ಕಲ್ಲುಗಳ ಮೇಲೆ, ಬಂಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟ. ಮೊಣಕಾಲು ಹಿಡಿದಿದೆ, ಸ್ವಲ್ಪ ಹೊತ್ತು ಕೂರುತ್ತೇನೆ, ನೀವು ಅತ್ತ ಆರನೇ ಸಾಲಿನ ಕೆಲಸ ನೋಡಿ ಎಂದ. ಅಯೂಬ್ ಅವನ ಮುಖವನ್ನೊಮ್ಮೆ ನೋಡಿ ಜನರನ್ನು ಕರೆದುಕೊಂಡು ಹೋದ. ಯಾಗೂಬನ ಬೆನ್ನಿಗೆ ಬಂಡೆ ತಣ್ಣಗೆ ತಾಗುತ್ತಿತ್ತು. ಗೆರೆ ಎಲ್ಲಿದೆ ಎಂದು ಅವನಿಗೆ ನೋಡದೆಯೇ ಗೊತ್ತಿತ್ತು. ಎಡಗಡೆ ಹೆಗಲ ಮೂಳೆಯ ಕೆಳಗೆ.

ಅದು ಹಾಜಿ ಸ್ಲಿಮಾನ್ ಎಳೆದ ಗೆರೆ. ಹೊಳೆಯ ಕಾವಲಿಗೆ ಊರು ಆರಿಸಿದ ಹಿರಿಯರಲ್ಲಿ ಹಾಜಿಯೇ ಮುಖ್ಯ. ಅವರ ತಂದೆ, ಅವರ ತಾತ, ಎಲ್ಲರೂ ಅದೇ ಕೆಲಸದವರು. ಪ್ರತಿ ಸಲ ಹೊಳೆ ಬಂದು ಹೋದ ಮೇಲೆ ಕೆಂಪು ಮಣ್ಣಿನ ಡಬ್ಬ ಹಿಡಿದು ಹೊರಟು, ನೀರು ಎಲ್ಲೆಲ್ಲಿ ಎಷ್ಟು ಎತ್ತರಕ್ಕೆ ಮುಟ್ಟಿತ್ತು ಎಂದು ಬಂಡೆಗಳ ಮೇಲೆ ಗೆರೆ ಎಳೆಯುವುದು. ಮನೆ ಕಟ್ಟುವವರು ಆ ಗೆರೆಗಿಂತ ಒಂದು ಮೊಳ ಮೇಲೆ ನೆಲ ಹಾಕಬೇಕು. ಮರುಭೂಮಿಯ ಈ ಮ್ಝಾಬ್ ಕಣಿವೆಯಲ್ಲಿ ಸಾವಿರ ವರ್ಷದಿಂದ ಜನ ಬದುಕಿ ಉಳಿದಿದ್ದು ಆ ಒಂದು ಮೊಳದಿಂದ. ಯಾಗೂಬ್ ಮೊದಲು ನಕ್ಷೆ ಹಾಕಿದಾಗ ಏಳನೇ ಸಾಲಿನ ನೆಲ ಗೆರೆಗಿಂತ ಸರಿಯಾಗಿ ಒಂದು ಮೊಳ ಮೇಲಿತ್ತು. ಹಾಜಿ ಬಂದು, ಕೋಲಿಟ್ಟು ಅಳೆದು, ತಲೆಯಾಡಿಸಿ ಹೋಗಿದ್ದರು.

ಈಗ ಆ ನೆಲ ಗೆರೆಗಿಂತ ಎರಡು ಮೊಳ ಕೆಳಗಿತ್ತು.

ಅದಾದದ್ದು ಕಳೆದ ಡಿಸೆಂಬರಿನಲ್ಲಿ. ಈ ಕಡೆ ಗೋಡೆ ಏಳುವ ಮೊದಲು, ವರ್ಷದ ಅತಿ ಚಿಕ್ಕ ಹಗಲಿನಲ್ಲಿ, ಗೋಡೆಯಷ್ಟೇ ಎತ್ತರದ ಕಂಬ ನೆಟ್ಟು ಮೇಲೆ ಬಟ್ಟೆ ಕಟ್ಟಿ ನೆರಳು ನೋಡುತ್ತಾರೆ. ನೆರೆಮನೆಯ ಅಂಗಳದ ಬಿಸಿಲನ್ನು ಕದಿಯುವ ಮನೆ ಕಟ್ಟಬಾರದು. ಏಳನೇ ಸಾಲಿಗೆ ಕಂಬ ನೆಟ್ಟ ದಿನ ಆರನೇ ಸಾಲಿನ ಲಲ್ಲಾ ಬಿಯಾ ತನ್ನ ಬಾಗಿಲ ಹಿಂದೆ ನಿಂತು ಕರೆದಳು. ಎಪ್ಪತ್ತೆಂಟರ ವಿಧವೆ. ಕೀಲುನೋವು. ಚಳಿಗಾಲದಲ್ಲಿ ಅಂಗಳದ ಬಿಸಿಲಿಗೆ ಚಾಪೆ ಹಾಕಿಕೊಂಡು ಕೂತರೆ ಮಾತ್ರ ಕೈ ಮಡಚಲು ಬರುತ್ತಿತ್ತು. ನೆರಳು ಅವಳ ಚಾಪೆಯ ಮೇಲೆ ಪೂರ್ತಿ ಬಿದ್ದಿತ್ತು.

“ನನಗೆ ಇನ್ನೆಷ್ಟು ಚಳಿಗಾಲ ಇದೆ ಯಾಗೂಬ್,” ಎಂದಿದ್ದಳು. “ಅಷ್ಟನ್ನ ಬಿಸಿಲಲ್ಲಿ ಕಳೀತೀನಿ ಬಿಡು.”

ಹಿರಿಯರ ಸಭೆ ಕೂಡಿತು. ಮುದುಕಿಯ ಬಿಸಿಲು ಮುದುಕಿಗೆ ಸೇರಬೇಕು, ಅದರಲ್ಲಿ ಎರಡು ಮಾತಿಲ್ಲ, ಹೇಗೆ ಎಂಬುದು ಮೇಸ್ತ್ರಿಗೆ ಬಿಟ್ಟದ್ದು ಎಂದಿತು. ಮಾಳಿಗೆಯ ಸುತ್ತಗೋಡೆ ತಗ್ಗಿಸುವಂತಿಲ್ಲ, ಮಾಳಿಗೆ ಹೆಂಗಸರ ಜಾಗ, ಹೊರಗಿನ ಕಣ್ಣಿಗೆ ಬೀಳಬಾರದು. ತೊಲೆಗಳನ್ನು ಆಗಲೇ ಅಳತೆಗೆ ಕೊಯ್ದಾಗಿತ್ತು. ಉಳಿದದ್ದು ಒಂದೇ ದಾರಿ. ಇಡೀ ಸಾಲನ್ನೇ, ಬೀದಿ ಸಮೇತ, ಮೂರು ಮೊಳ ಅಗೆದು ಕೆಳಗಿಳಿಸುವುದು. ಯಾಗೂಬ್ ಇಳಿಸಿದ. ಕಂಬಗಳೂ ಇಳಿದವು, ಮುದುಕಿಯ ಚಾಪೆಗೆ ಬಿಸಿಲು ವಾಪಸು ಬಂತು, ಅವಳು ಒಂದು ತಟ್ಟೆ ರವೆ ರೊಟ್ಟಿ, ಖರ್ಜೂರ ಕಳಿಸಿ ಹರಸಿದಳು.

ಇಳಿಸಿದ ಮೇಲೆ ಹಾಜಿಯನ್ನು ಮತ್ತೆ ಕರೆಸಿ ತೋರಿಸಬೇಕಿತ್ತು. ನಾಳೆ ಕರೆಸಿದರಾಯಿತು ಎಂದುಕೊಂಡ. ಹಾಜಿ ಬೇಡವೆಂದರೆ ಎರಡು ಚಳಿಗಾಲದ ಕೆಲಸ ಮಣ್ಣಾಗುತ್ತಿತ್ತು. ಹಳೆಯ ಊರಿನಲ್ಲಿ ಒಂದೊಂದು ಕೋಣೆಗೆ ಎಂಟೆಂಟು ಜನ ಮಲಗುತ್ತ ಕಾಯುತ್ತಿದ್ದರು. ಆ ಗೆರೆ ಮೂವತ್ತು ವರ್ಷ ಹಳೆಯದು, ಮೇಲೆ ಈಗ ಒಡ್ಡು ಕಟ್ಟಿದ್ದಾರೆ, ಅಷ್ಟು ನೀರು ಇನ್ನೆಲ್ಲಿ ಬರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾಳೆ ನಾಡಿದ್ದಾಯಿತು. ಕೊನೆಗೊಂದು ದಿನ ಉಳಿದ ಕಲ್ಲನ್ನೆಲ್ಲ ತರಿಸಿ ಬಂಡೆಗೆ ಒರಗಿಸಿ ಸುರಿಸಿದ. ಜೂನ್‌ನಲ್ಲಿ ಚೀಟಿ ಎತ್ತಿ ಮನೆ ಹಂಚಿದರು. ಏಳನೇ ಸಾಲಿನ ಇಪ್ಪತ್ತೆರಡು ಮನೆಗಳಲ್ಲಿ ಹನ್ನೊಂದನೆಯದು ಅವನ ಮಗಳು ಘಾನಿಯಾಳ ಹೆಸರಿಗೆ ಬಂತು.

ಅಂದಿನಿಂದ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಮಸೀದಿಯ ಹಿರಿಯರು ಒಬ್ಬನನ್ನು ದೂರ ಇಡಿ ಎಂದರೆ ಊರು ದೂರ ಇಡುತ್ತದೆ. ಸಲಾಮಿಗೆ ಉತ್ತರ ಇಲ್ಲ, ಅವನ ಜೊತೆ ಊಟ ಇಲ್ಲ, ಮದುವೆಗೆ ಕರೆ ಇಲ್ಲ, ಹೆಂಡತಿ ಮಕ್ಕಳೂ ಬೇಕಾದ ಒಂದೆರಡು ಮಾತು ಬಿಟ್ಟರೆ ಮಾತಾಡುವಂತಿಲ್ಲ. ಹಾಗೆ ದೂರವಿಟ್ಟ ಒಬ್ಬ ಜವಳಿ ಅಂಗಡಿಯವನನ್ನು ಯಾಗೂಬ್ ಚಿಕ್ಕಂದಿನಲ್ಲಿ ನೋಡಿದ್ದ. ಸಂತೆಯ ನಡುವೆ ಅವನು ನಡೆದು ಬಂದರೆ ಜನ ದಾರಿ ಬಿಡುತ್ತಿದ್ದರು, ಮರ್ಯಾದೆಗಲ್ಲ.

ಹೊತ್ತು ಏರಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು, ಒಂದು ತುಣುಕು ಮೋಡವಿಲ್ಲ. ಆಗ ಉತ್ತರದ ಬುರುಜಿನಿಂದ ಕೋವಿಯ ಸದ್ದು ಬಂತು.

ಒಂದೇ ಗುಂಡು. ಅದರ ಬೆನ್ನಿಗೇ ಗುಡ್ಡದ ಮೇಲಿನ ಎಲ್ಲ ಮಾಳಿಗೆಗಳಿಂದ ಹೆಂಗಸರ ಖುಷಿಯ ಉಲಿ ಎದ್ದಿತು. ಹೊಳೆ ಬರುತ್ತಿದೆ. ಉತ್ತರದಲ್ಲೆಲ್ಲೋ ಮಳೆ ಸುರಿದಿದೆ, ಆರು ವರ್ಷದ ಮೇಲೆ ಹೊಳೆ ಬರುತ್ತಿದೆ. ಇನ್ನು ಬಾವಿಗಳು ತುಂಬುತ್ತವೆ, ಖರ್ಜೂರ ತೋಟ ನೀರು ಕುಡಿಯುತ್ತದೆ. ಗಂಡಸರು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮಕ್ಕಳು ಒಣಹೊಳೆಯ ದಡಕ್ಕೆ ಓಡಿದರು. ಅಯೂಬ್ ನೆಲಕ್ಕೆ ಹಣೆಯಿಟ್ಟು ಬಿಸಿಲಿನಲ್ಲೇ ಸಜ್ದಾ ಮಾಡಿದ.

ಯಾಗೂಬ್ ರಾಶಿಯ ಮೇಲಿಂದ ಏಳಲಿಲ್ಲ. ಇಡೀ ಕಣಿವೆ ನಗುತ್ತಿತ್ತು, ಅವನು ಬೆನ್ನನ್ನು ಬಂಡೆಗೆ ಇನ್ನಷ್ಟು ಒತ್ತಿದ.

ಹಾಜಿ ಸ್ಲಿಮಾನ್ ಕತ್ತೆಯ ಮೇಲೆ ಬಂದರು. ಹೊಳೆ ಬಂದಾಗ ಹೊಸ ಊರಿನ ತುದಿಯಿಂದ ನೋಡಬೇಕೆಂಬುದು ಅವರ ಆಸೆ. ಎಂಬತ್ತು ದಾಟಿದ ಮುಖ ಹಬ್ಬದ ದಿನದ ಹಾಗೆ ಬೆಳಗಿತ್ತು. ಹೊಳೆಗೆ ನೀರು ತರುವ ಎರಡು ತೊರೆಗಳಲ್ಲಿ ಬಿಳಿ ತೊರೆಯ ಬುರುಜಿನಿಂದ ಗುಂಡು ಹಾರಿದೆ, ಇನ್ನೊಂದು ತಾಸಿನಲ್ಲಿ ನೀರು ಇಲ್ಲಿರುತ್ತದೆ ಎಂದು ಲೆಕ್ಕ ಹೇಳಿದರು.

“ಹಾಜಿ, ನಿಮಗೊಂದು ತೋರಿಸ್ಬೇಕು,” ಎಂದ ಯಾಗೂಬ್.

“ತೋರ್ಸು. ನೀರು ಬರೋದ್ರೊಳಗೆ ತೋರ್ಸು. ಬಂದ್ಮೇಲೆ ನನಗೆ ಬೇರೇನೂ ಕಾಣಲ್ಲ.”

ಯಾಗೂಬ್ ಒಂದೊಂದೇ ಕಲ್ಲು ಎತ್ತಿ ಪಕ್ಕಕ್ಕಿಟ್ಟ. ಐದು, ಆರು, ಏಳು. ಕೆಂಪು ಗೆರೆ ಹೊರಬಂತು. ಹಾಜಿ ಕತ್ತೆಯಿಂದಿಳಿದು ಹತ್ತಿರ ಬಂದು ಗೆರೆಯ ಮೇಲೆ ಬೆರಳಾಡಿಸಿದರು, ತಮ್ಮದೇ ಕೈಬರಹ ಗುರುತಿಸುವವರ ಹಾಗೆ. ಆಮೇಲೆ ತಿರುಗಿ ಬೀದಿಯನ್ನು ನೋಡಿದರು, ಮನೆಗಳ ಹೊಸ್ತಿಲನ್ನು ನೋಡಿದರು. ಕೋಲನ್ನು ಗೆರೆಗೆ ಅಡ್ಡ ಹಿಡಿದು ಒಂದು ಕಣ್ಣು ಮುಚ್ಚಿದರು. ಮುಖದ ಬೆಳಕು ಸ್ವಲ್ಪ ಸ್ವಲ್ಪವಾಗಿ ಆರಿತು.

“ನನ್ನ ಗೆರೆ ಇಲ್ಲೇ ಇದೆ. ಊರೆಲ್ಲಿ ಹೋಯ್ತು?”

“ಇಳಿಸ್ದೆ. ಮೂರು ಮೊಳ. ಲಲ್ಲಾ ಬಿಯಾ ಬಿಸಿಲಿಗೆ.”

“ನನಗೆ ಹೇಳಿ ಕಳಿಸೋಕೆ ಏನಾಗಿತ್ತು?”

“ನೀವು ಬೇಡ ಅಂತಿದ್ರಿ.”

ಹಾಜಿ ಕಲ್ಲಿನ ಮೇಲೆ ಕುಳಿತರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಯಾಗೂಬನಿಗೆ. ಅವರು ಕೇಳಿದ್ದು ಒಳಗೆ ಯಾರು ಯಾರು ಇದ್ದಾರೆ ಎಂದು. ಎಂದಿನಂತೆಯೇ, ಗಂಡಸರು ಬಹಳಷ್ಟು ಮಂದಿ ದೂರದ ವಹ್ರಾನ್, ಅಲ್ಜೀರ್ಸ್ ಪಟ್ಟಣಗಳಲ್ಲಿ ಅಂಗಡಿ ನೋಡಿಕೊಂಡಿದ್ದಾರೆ. ಮನೆಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು.

“ಹೋಗು,” ಎಂದರು ಹಾಜಿ. “ಇಪ್ಪತ್ತೆರಡು ಬಾಗಿಲು. ನಿನ್ನ ಬಾಯಿಂದಾನೇ ಹೇಳು. ನಾನು ಹೇಳಿದ್ರೆ ಗೌರವಕ್ಕೆ ಹೂಂ ಅಂದು ಒಳಗೇ ಕೂತಿರ್ತಾರೆ.”

ಅವನು ಮೊದಲನೇ ಬಾಗಿಲು ತಟ್ಟಿದ. ಗಂಡಸು ಬಾಗಿಲು ತಟ್ಟಿದರೆ ತೆರೆಯುವ ರೂಢಿಯಿಲ್ಲ, ಒಳಗಿನಿಂದ ಹೆಂಗಸಿನ ದನಿ ಯಾರು ಎಂದು ಕೇಳುತ್ತದೆ. ಅವನು ಮರದ ಬಾಗಿಲಿಗೆ ಮುಖ ಕೊಟ್ಟು, ಮೇಸ್ತ್ರಿ ಯಾಗೂಬ್, ಮನೆಯ ನೆಲ ತಗ್ಗಾಗಿದೆ, ತಪ್ಪು ನನ್ನದು, ಎಲ್ಲರೂ ಮೇಲಿನ ಸಾಲಿಗೆ ಹೋಗಿ ಎಂದ. ಒಳಗೆ ಪಿಸುಮಾತು, ನಗು. ಹೊಳೆ ಬಂದ ಖುಷಿಗೆ ಮೇಸ್ತ್ರಿ ತಮಾಷೆ ಮಾಡ್ತಿದ್ದಾರೆ ಅಂದಳು ಒಬ್ಬಳು. ಎರಡನೇ ಬಾಗಿಲಲ್ಲಿ ಒಲೆ ಮೇಲೆ ಕುಸ್ಕುಸ್ ಇದೆ, ಆಮೇಲೆ ಬರುತ್ತೇವೆ ಎಂದರು. ಮೂರನೆಯದರಲ್ಲಿ ಒಬ್ಬ ಮುದುಕ, ಕಿವಿ ಕೇಳದವನು, ಸಕ್ಕರೆ ಬೇಕಾ ಎಂದು ಕೇಳಿದ. ಪ್ರತಿ ಬಾಗಿಲಿಗೂ ಯಾಗೂಬ್ ಅದೇ ಮಾತು ಹೇಳಿದ, ಪ್ರತಿ ಸಲವೂ ತಪ್ಪು ನನ್ನದು ಎಂಬಲ್ಲಿ ದನಿ ಒಡೆಯಿತು. ಆ ಒಡೆದ ದನಿಗೇ ಇರಬೇಕು, ಒಂದೊಂದಾಗಿ ಬಾಗಿಲುಗಳು ತೆರೆದುಕೊಂಡವು. ಬಿಳಿ ಹೊದಿಕೆಯಲ್ಲಿ ಒಂದು ಕಣ್ಣು ಮಾತ್ರ ಕಾಣುವ ಹೆಂಗಸರು ಮಕ್ಕಳ ಕೈ ಹಿಡಿದು, ಗೋಡೆ ಸವರಿಕೊಂಡು ಮೆಟ್ಟಿಲ ಕಡೆಗೆ ನಡೆದರು. ಏಳನೇ ಸಾಲಿನಿಂದ ಮೇಲಕ್ಕೆ ಹೋಗಲು ಬೀದಿಯ ಕೊನೆಯಲ್ಲಿದ್ದದ್ದು ಅದೊಂದೇ ಮೆಟ್ಟಿಲು.

ಹನ್ನೊಂದನೆಯ ಬಾಗಿಲ ಮುಂದೆ ಅವನು ಕೈ ಎತ್ತಿ ಸ್ವಲ್ಪ ಹೊತ್ತು ಹಾಗೇ ನಿಂತ. ಘಾನಿಯಾ ಹೆತ್ತು ಹನ್ನೆರಡು ದಿನವಾಗಿತ್ತು. ಹೆಣ್ಣುಮಗು. ಒಳಗಿನಿಂದ ಮಾತಾಡಿದವಳು ಅವಳ ಅತ್ತೆ ಫಾಫಾ.

“ಬೀಗರೇ, ಬಾಣಂತಿ ನಲವತ್ತು ದಿನ ತುಂಬೋತನಕ ಹೊಸ್ತಿಲು ದಾಟಲ್ಲ. ನೀವು ಕಟ್ಟಿದ ಮನೆ, ನಿಮಗೇ ಭಯ ಅಂದ್ರೆ ನಗ್ತಾರೆ ಕೇಳಿದೋರು.”

“ನಗ್ಲಿ. ಮಗೂನ ಕೊಡಿ ಮೊದಲು.”

ಒಳಗೆ ಹೆಜ್ಜೆ ಸಪ್ಪಳವಾಯಿತು. ಮಗಳ ದನಿ ಬಾಗಿಲ ಹತ್ತಿರವೇ ಕೇಳಿಸಿತು.

“ಬಾಬಾ, ನಿಮಗೆ ಇದು ಯಾವಾಗಿಂದ ಗೊತ್ತು?”

“ಡಿಸೆಂಬರಿಂದ.”

“ನಾನು ಈ ಮನೆಗೆ ಬಂದಿದ್ದು ಜೂನಲ್ಲಿ.”

ಮಗು ಒಂದು ಸಲ ಅತ್ತು ಸುಮ್ಮನಾಯಿತು. ಅಗಳಿ ಸರಿಯಿತು. ಘಾನಿಯಾ ಮಗುವನ್ನು ಎದೆಗೆ ಕಟ್ಟಿಕೊಂಡು ಹೊರಬಂದಳು, ಅಪ್ಪನ ಕಡೆ ನೋಡದೆ ಹೊಸ್ತಿಲು ದಾಟಿ ಬೀದಿಯಲ್ಲಿ ನಡೆದುಹೋದಳು. ಹಿಂದೆ ಫಾಫಾ ಗೊಣಗುತ್ತ ಹೋದಳು. ಮಗಳ ನಡಿಗೆ ಇನ್ನೂ ನೋವಿನ ನಡಿಗೆಯಾಗಿತ್ತು. ಅವನು ಹನ್ನೆರಡನೇ ಬಾಗಿಲು ತಟ್ಟಿದ.

ನೀರು ಹಾಜಿ ಹೇಳಿದ ಹೊತ್ತಿಗೇ ಬಂತು. ಮೊದಲು ಬಂದದ್ದು ವಾಸನೆ, ಒದ್ದೆ ಮಣ್ಣಿನದು. ಆಮೇಲೆ ದೂರದಲ್ಲಿ ಕುರಿಮಂದೆ ಓಡಿ ಬರುವಂಥ ಸದ್ದು. ಒಣಹೊಳೆಯ ತಿರುವಿನಲ್ಲಿ ಕಂದು ನಾಲಿಗೆಯೊಂದು ಕಾಣಿಸಿಕೊಂಡಿತು, ಮುಂದೆ ಕಸಕಡ್ಡಿ, ನೊರೆ, ಒಂದು ಚಕ್ರ, ಬುಡಮೇಲಾದ ಹುಣಸೆಕಾಯಿ ಬಣ್ಣದ ಪೊದೆಗಳು. ಆರನೇ ಸಾಲಿನ ಬೀದಿಯಲ್ಲಿ ನೆರೆದವರೆಲ್ಲ ದೇವರ ಹೆಸರು ಹೇಳಿದರು. ನೀರು ದಡ ತುಂಬಿತು, ದಡ ಮೀರಿತು, ಏಳನೇ ಸಾಲಿನ ಬೀದಿಯ ಅಂಚಿಗೆ ಬಂದು ನೆಕ್ಕಿತು. ಅಂಚಿನ ಕಲ್ಲಿಗೆ ನಾಲ್ಕು ಬೆರಳು ಕೆಳಗೆ ಅದು ನಿಂತಿತು. ಅರ್ಧ ತಾಸು ಅಲ್ಲೇ ತೂಗಾಡಿ ಮೆಲ್ಲಗೆ ಇಳಿಯತೊಡಗಿತು.

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಇಷ್ಟಕ್ಕೆ ಬಾಣಂತಿಯನ್ನು ಎಬ್ಬಿಸಿದ್ದಾ ಎಂದಳು ಒಬ್ಬಳು. ಮೇಸ್ತ್ರಿಗೆ ವಯಸ್ಸಾಯಿತು, ಕನಸು ಬಿದ್ದಿರಬೇಕು ಎಂದ ಇನ್ನೊಬ್ಬ. ಶುಕ್ರವಾರದ ನಮಾಜಿಗೆ ಹೊತ್ತಾಗಿತ್ತು, ಊಟ ಆರುತ್ತಿತ್ತು. ಜನ ಮೆಟ್ಟಿಲ ಕಡೆ ತಿರುಗಿದರು.

ಯಾಗೂಬ್ ಅವರಿಗಿಂತ ಮುಂಚೆ ಅಲ್ಲಿ ತಲುಪಿ ಮೆಟ್ಟಿಲಿಗೆ ಅಡ್ಡ ಕುಳಿತ. ಬಂದಿದ್ದು ಬಿಳಿ ತೊರೆಯ ನೀರು ಮಾತ್ರ. ಕೆಂಪು ತೊರೆ ಅದರ ಎರಡರಷ್ಟು ಉದ್ದ, ಅದರ ನೀರು ಯಾವಾಗಲೂ ತಡವಾಗಿ ಬರುತ್ತದೆ. ಅದು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹಾಜಿ ಮೇಲಿನ ಬೀದಿಯ ಅಂಚಿನಲ್ಲಿ ಕೂತು ಉತ್ತರಕ್ಕೆ ಕಿವಿ ಕೊಟ್ಟಿದ್ದರು.

ಅಯೂಬ್ ಬಂದು ಎದುರು ನಿಂತ. “ಮೇಸ್ತ್ರಿ, ಏಳಿ. ಹೆಂಗಸರು ಬಿಸಿಲಲ್ಲಿ ನಿಂತವರೆ. ನೀರು ಇಳೀತಾ ಇದೆ, ಕಣ್ಣಿಗೆ ಕಾಣ್ತಿಲ್ವಾ?”

“ಕಾಣ್ತಿದೆ.”

“ಮತ್ತೆ?”

“ನನ್ನನ್ನ ತುಳಕೊಂಡು ಹೋಗು. ಬದುಕಿರೋತನಕ ನಾನಾಗಿ ಏಳಲ್ಲ.”

ಸುತ್ತ ಗದ್ದಲವೆದ್ದಿತು. ಒಬ್ಬ ಅವನ ತೋಳು ಹಿಡಿದೆಳೆದ, ಇನ್ನೊಬ್ಬ ಬಿಡಿಸಿದ. ಆ ಎಳೆದಾಟದಲ್ಲಿ ಗೋಡೆಯ ಕಡೆಯಿಂದ ಬಿಳಿ ಹೊದಿಕೆಯೊಂದು ನುಸುಳಿ ಕೆಳಗಿಳಿದದ್ದನ್ನು ಅವನು ನೋಡಲಿಲ್ಲ. ಬಾಣಂತಿಗೆ ಕಾಸಿಟ್ಟ ಮೆಂತ್ಯದ ಗಂಜಿ ಒಲೆಯ ಮೇಲಿತ್ತು. ಅದನ್ನು ತರಲು ಫಾಫಾ ಹೋಗಿದ್ದಳು.

ಆಗ ಎರಡನೇ ಗುಂಡು ಕೇಳಿಸಿತು.

ಈ ಸಲ ಯಾರೂ ಉಲಿಯಲಿಲ್ಲ. ಕೆಂಪು ತೊರೆಯ ಬುರುಜು ಹತ್ತಿರದ್ದು, ಅಲ್ಲಿಂದ ಗುಂಡು ಹಾರಿತೆಂದರೆ ನೀರು ಬಾಗಿಲಿಗೆ ಬಂದಂತೆಯೇ. ಘಾನಿಯಾ ಅತ್ತೆಯನ್ನು ಕೂಗಿದಳು. ಇನ್ನೊಮ್ಮೆ ಕೂಗಿದಳು. ಉತ್ತರವಿಲ್ಲ. ಅವಳು ಮೊದಲ ಬಾರಿ ಅಪ್ಪನ ಮುಖ ನೋಡಿದಳು.

ಯಾಗೂಬ್ ಮೆಟ್ಟಿಲಿಳಿದು ಓಡಿದ. ಬೀದಿಯಲ್ಲಿ ಆಗಲೇ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು, ಹನ್ನೊಂದನೇ ಮನೆ ತಲುಪುವ ಹೊತ್ತಿಗೆ ಮೊಣಕಾಲಿಗೆ ಬಂದಿತ್ತು. ಬಾಗಿಲು ತೆರೆದೇ ಇತ್ತು. ಅವನು ಪರರ ಮನೆಗೆ ಕೇಳದೆ ಕಾಲಿಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಒಳಗೆ ಕತ್ತಲು, ನೀರಿನಲ್ಲಿ ಚಾಪೆ ತೇಲುತ್ತಿತ್ತು, ತೊಟ್ಟಿಲು ಗೋಡೆಗೆ ಬಡಿದುಕೊಳ್ಳುತ್ತಿತ್ತು. ಖಾಲಿ ತೊಟ್ಟಿಲು. ಫಾಫಾ ಅಡುಗೆಮನೆಯ ಮೂಲೆಯಲ್ಲಿ ಪಾತ್ರೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಅಲುಗಾಡದೆ ನಿಂತಿದ್ದಳು.

ಹೊರಗೆ ಹೋಗುವ ಮಾತೇ ಇರಲಿಲ್ಲ. ಬಾಗಿಲಿನಿಂದ ನೀರು ಗೋಡೆಯ ಹಾಗೆ ಒಳಗೆ ನುಗ್ಗಿತು. ಅವನು ಅವಳ ತೋಳು ಹಿಡಿದು ಮಾಳಿಗೆಯ ಮೆಟ್ಟಿಲಿಗೆ ದಬ್ಬಿದ. ಪಾತ್ರೆ ಬಿಡಿ ಎಂದರೂ ಅವಳು ಬಿಡಲಿಲ್ಲ. ಸೊಂಟದವರೆಗೆ ಬಂದ ನೀರು ಅವನನ್ನು ಹಿಂದಕ್ಕೆ ಎಳೆಯಿತು, ಮೆಟ್ಟಿಲ ಅಂಚಿಗೆ ಕೈಯ ಚರ್ಮ ಕಿತ್ತುಬಂತು. ಹೇಗೆ ಹತ್ತಿದನೋ, ಮಾಳಿಗೆಯ ಬಿಸಿಲಿಗೆ ಬಿದ್ದ.

ಹೆಂಗಸರ ಜಾಗ ಅದು. ಅವನು ಅಭ್ಯಾಸಬಲದಿಂದ ಗೋಡೆಯ ಕಡೆ ಮುಖ ಮಾಡಿ ಕುಳಿತ. ಕೆಳಗೆ ಮನೆ ಗುಡುಗುಡು ಎನ್ನುತ್ತಿತ್ತು.

“ಗೋಡೆ ನೋಡಿದ್ದು ಸಾಕು ಬೀಗರೇ,” ಎಂದಳು ಫಾಫಾ. ಹಲ್ಲು ಕಟಕಟ ಎನ್ನುತ್ತಿದ್ದವು. “ಆ ಕಡೆ ನೋಡಿ ಹೇಳಿ. ನನಗೆ ದೂರದ್ದು ಕಾಣಲ್ಲ. ಮಗು ಇದೆಯಾ?”

ಅವನು ತಿರುಗಿದ. ಮೇಲಿನ ಬೀದಿಯಲ್ಲಿ, ಸಾಲಾಗಿ ನಿಂತ ಬಿಳಿ ಹೊದಿಕೆಗಳ ನಡುವೆ, ಎದೆಗೆ ಗಂಟು ಕಟ್ಟಿಕೊಂಡವಳೊಬ್ಬಳು.

“ಇದೆ.”

“ಗೋಡೆ ನಿಲ್ಲುತ್ತಾ?”

ಅವನು ಅಂಗೈಯನ್ನು ಸುತ್ತಗೋಡೆಗೆ ಒತ್ತಿ ಹಿಡಿದ. ಕಲ್ಲಿನೊಳಗೆ ನಡುಕ ಹರಿಯುತ್ತಿತ್ತು, ಜ್ವರ ಬಂದ ಮಗುವಿನ ಮೈಯ ಹಾಗೆ. ಸುಣ್ಣ ಎಷ್ಟು ದಿನ ನೆನೆಸಿದ್ದೆ, ಮೂಲೆಕಲ್ಲು ಯಾರು ಇಟ್ಟದ್ದು, ಮರಳಿನಲ್ಲಿ ಉಪ್ಪಿತ್ತೇ, ಎಲ್ಲವನ್ನೂ ಒಂದೊಂದಾಗಿ ನೆನಪಿಸಿಕೊಳ್ಳುತ್ತ, ಇಳಿಹೊತ್ತಿನ ಅಸರ್ ನಮಾಜಿನ ಹೊತ್ತು ದಾಟುವವರೆಗೂ ಅವನು ಕೈ ತೆಗೆಯಲಿಲ್ಲ. ನೀರು ಕಿಟಕಿಯ ಕೆಳ ಅಂಚಿಗೆ ಬಂತು, ಅಂಚನ್ನೂ ಮೀರಿತು. ಪಕ್ಕದ ಮನೆಯ ತೋಟದ ಗೋಡೆ ಸದ್ದಿಲ್ಲದೆ ಕುಳಿತುಬಿಟ್ಟಿತು. ಮನೆಯ ಗೋಡೆ ನಿಂತಿತು. ನೀರು ಇಳಿಯತೊಡಗಿದಾಗ ಫಾಫಾ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಅರ್ಧ ಚೆಲ್ಲಿದೆ ಎಂದಳು.

ಮುಂದಿನ ಶುಕ್ರವಾರ ಮಸೀದಿಯಲ್ಲಿ, ನಮಾಜು ಮುಗಿದ ಮೇಲೆ, ಯಾಗೂಬ್ ತಾನಾಗಿಯೇ ಎದ್ದು ನಿಂತ. ಡಿಸೆಂಬರಿನಿಂದ ಅಕ್ಟೋಬರಿನವರೆಗಿನದನ್ನು ಏನೂ ಬಿಡದೆ ಹೇಳಿದ. ಕಲ್ಲುರಾಶಿಯನ್ನೂ ಹೇಳಿದ, ಚೇಳನ್ನೂ ಹೇಳಿದ. ಯಾರೂ ಸತ್ತಿರಲಿಲ್ಲ. ಇಪ್ಪತ್ತೆರಡು ಮನೆಗಳ ಹಾಸಿಗೆ, ಧಾನ್ಯ, ಮದುವೆಯ ಬಟ್ಟೆಯಿಟ್ಟ ಹಳೆಯ ಸಂದೂಕಗಳು ಕೆಸರಾಗಿದ್ದವು. ಹಿರಿಯರು ಬಹಳ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಹಾಜಿ ಸ್ಲಿಮಾನ್ ಹೊಸ ಗೆರೆ ಎಳೆದಿದ್ದರು, ಹಳೆಯದಕ್ಕಿಂತ ನಾಲ್ಕು ಬೆರಳು ಮೇಲೆ. ಏಳನೇ ಸಾಲಿನ ಪ್ರತಿ ಹೊಸ್ತಿಲೂ ಆ ಗೆರೆಗಿಂತ ಒಂದು ಮೊಳ ಮೇಲೇರುವ ತನಕ ಯಾಗೂಬನನ್ನು ದೂರ ಇಡಬೇಕು ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಅವನೊಬ್ಬನೇ ಮೊದಲನೇ ಮನೆಯ ತೊಲೆ ಇಳಿಸಲು ಶುರು ಮಾಡಿದ. ದಾರಿಯಲ್ಲಿ ಸಿಕ್ಕವರಿಗೆ ಸಲಾಮ್ ಹೇಳಿದ, ಗಾಳಿಗೆ ಹೇಳಿದಂತಾಯಿತು. ಚಿಕ್ಕಂದಿನಲ್ಲಿ ಕಂಡ ಜವಳಿ ಅಂಗಡಿಯವನ ಮುಖ ಈಗ ಅವನಿಗೆ ಸ್ಪಷ್ಟವಾಗಿ ನೆನಪಾಗುತ್ತಿತ್ತು. ಶುಕ್ರವಾರ ಬಂತು. ಯಾರೂ ಬರುವುದಿಲ್ಲವೆಂದು ಅವನು ತಿಳಿದಿದ್ದ. ಬಂದರು. ಅಂಗಡಿಯವನು, ಮೇಷ್ಟ್ರು, ದರ್ಜಿ. ಸಾಲಾಗಿ ನಿಂತು ಕಲ್ಲು ದಾಟಿಸಿದರು. ಸಾಲಿನ ಕೊನೆಯವನು ಅಯೂಬ್. ಅವನು ಕಲ್ಲನ್ನು ಯಾಗೂಬನ ಕೈಗೆ ಕೊಡಲಿಲ್ಲ, ಕೈಗೆಟಕುವಲ್ಲಿ ನೆಲಕ್ಕಿಟ್ಟ. ದವಡೆ ಬಿಗಿದುಕೊಂಡಿದ್ದ, ಒಳಗೆ ತುಂಬಿದ ಮಾತು ಹಲ್ಲಿಗೆ ಬಡಿಯುತ್ತಿತ್ತೋ ಏನೋ. ಇಡೀ ದಿನ ಕಲ್ಲಿಗೆ ಕಲ್ಲು ತಾಗುವ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಕಂಬ ನೆಟ್ಟು ಬಟ್ಟೆ ಕಟ್ಟಿದರು. ನೆರಳು ಲಲ್ಲಾ ಬಿಯಾಳ ಅಂಗಳವನ್ನು ಪೂರ್ತಿ ಮುಚ್ಚಿತು. ಹಿರಿಯರು ಹೋಗಿ ಬಾಗಿಲ ಹೊರಗೆ ನಿಂತು ಏನು ಮಾಡೋಣ ಎಂದು ಕೇಳಿದರು. ಒಳಗೆ ಏನನ್ನೋ ಎಳೆಯುವ ಸದ್ದಷ್ಟೇ ಕೇಳಿತಂತೆ. ಮಧ್ಯಾಹ್ನ ಯಾಗೂಬ್ ತಲೆಯೆತ್ತಿದಾಗ ಅವಳ ಚಾಪೆಯ ಅಂಚು ಮಾಳಿಗೆಯ ಸುತ್ತಗೋಡೆಯ ಮೇಲಿಂದ ಬಿಸಿಲಿಗೆ ಇಣುಕುತ್ತಿತ್ತು. ಮಂಡಿ ಮಡಚಲಾರದ ಮುದುಕಿ ಇಪ್ಪತ್ತೊಂದು ಮೆಟ್ಟಿಲು ಹತ್ತಿದ್ದಳು.

ಹನ್ನೊಂದನೇ ಮನೆಯ ಹೊಸ್ತಿಲು ಕೂರಿಸುವ ದಿನ ಘಾನಿಯಾ ಮೇಲಿನ ಬೀದಿಯಲ್ಲಿ ಬಂದು ನಿಂತಳು. ಮಾತಾಡುವಂತಿರಲಿಲ್ಲ, ಮಾತಾಡಲಿಲ್ಲ. ಮಗುವಿನ ಮುಖದ ಮೇಲಿನ ಬಟ್ಟೆಯನ್ನು ಸ್ವಲ್ಪ ಸರಿಸಿದಳು, ಅಷ್ಟೇ, ಬಿಸಿಲಿಗೋ ಅವನಿಗೋ ತಿಳಿಯಲಿಲ್ಲ. ಯಾಗೂಬ್ ಕೋಲಿಟ್ಟು ಗೆರೆಯಿಂದ ಅಳೆದ. ಒಂದು ಮೊಳ. ಮತ್ತೆ ಅಳೆದ. ಆಮೇಲೆ ಎಂದಿನಂತೆ ಉತ್ತರಕ್ಕೆ ನೋಡಿದ. ಆಕಾಶ ತಿಳಿಯಾಗಿತ್ತು, ಮೋಡದ ಸುಳಿವಿಲ್ಲ. ಹೊಳೆ ಬಂದ ದಿನವೂ ಹೀಗೇ ಇದ್ದ ಆ ಆಕಾಶವನ್ನು ಕಂಡು ಅವನು ಬಗ್ಗಿ ಇನ್ನೊಂದು ಕಲ್ಲು ಎತ್ತಿಕೊಂಡ.